ಆಲಿಕಲ್ಲು ಮಳೆಗೆ ಸಿಕ್ಕಿದ ಕೈತೋಟ: ಯಾವ ಗಿಡ ಕೀಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕೋಲಾರ ಜಿಲ್ಲೆಯ ಹಳ್ಳಿಯೊಂದರವರು. ಮನೆಯ ಹಿಂದಿನ ಎರಡು ಗುಂಟೆ ಕೆಂಪು ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಹುರುಳಿಕಾಯಿ ಹಾಕಿದ್ದೇವೆ, ಚಪ್ಪರಕ್ಕೆ ಹೀರೆ ಹಬ್ಬಿಸಿದ್ದೇವೆ. ಮೊನ್ನೆ ಸಂಜೆ ಬಿರುಗಾಳಿಯೊಂದಿಗೆ ಕಾಲು ಗಂಟೆ ಆಲಿಕಲ್ಲು ಬಿದ್ದು, ಎಲೆಗಳೆಲ್ಲ ಜರಡಿಯಂತಾಗಿವೆ. ಟೊಮೆಟೊ ಗಿಡಗಳು ಮಲಗಿವೆ, ಬದನೆಯ ಕೊಂಬೆಗಳು ಮುರಿದಿವೆ, ಮಡಿಗಳ ನಡುವೆ ಇನ್ನೂ ನೀರು ನಿಂತಿದೆ. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕೋಣ ಎಂದು ನಮ್ಮ ಅತ್ತೆ ಹೇಳುತ್ತಾರೆ. ಯೂರಿಯಾ ಎರಚಿದರೆ ಚಿಗುರುತ್ತವೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ತಾವು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಮಸ್ಕಾರ. ತಿಂಗಳುಗಟ್ಟಲೆ ಕೈಯಾರೆ ಸಾಕಿದ ಗಿಡಗಳು ಕಾಲು ಗಂಟೆಯಲ್ಲಿ ಹಾಗಾದರೆ ಎಷ್ಟು ಸಂಕಟವಾಗುತ್ತದೆ ಎಂಬುದು ನನಗೆ ಗೊತ್ತು. ಆದರೂ ಈ ವಾರ ಹುರುಳಿಕಾಯಿಯನ್ನು ಬಿಟ್ಟು ಬೇರೆ ಯಾವ ಗಿಡವನ್ನೂ ಕೀಳಬೇಡಿ, ಯೂರಿಯಾವನ್ನೂ ಹಾಕಬೇಡಿ. ಎಲೆಯ ಅವಸ್ಥೆ ನೋಡಿ ಗಿಡದ ಹಣೆಬರಹ ನಿರ್ಧರಿಸಲಾಗದು. ಬೇರು ಮತ್ತು ಕಾಂಡದ ಬುಡ ಗಟ್ಟಿಯಾಗಿದ್ದರೆ ಎಲೆಯಿಲ್ಲದ ಗಿಡವೂ ಮತ್ತೆ ಚಿಗುರುತ್ತದೆ.

ಇಂದೇ ಮಾಡಬೇಕಾದ ಕೆಲಸವೆಂದರೆ ನಿಂತ ನೀರನ್ನು ಹೊರಗೆ ಬಿಡುವುದು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡರೆ ಬೇರುಗಳಿಗೆ ಉಸಿರಾಡಲಾಗದು; ಆಗ ಸುತ್ತಲೂ ನೀರಿದ್ದರೂ ಗಿಡ ಬಾಡುತ್ತದೆ, ಅದನ್ನು ನೋಡಿ ಬಾಯಾರಿಕೆಯೆಂದು ತಿಳಿದು ಮತ್ತೆ ನೀರು ಹಾಯಿಸಿದರೆ ಉಳಿಯಬಹುದಾಗಿದ್ದ ಗಿಡವೂ ಕೊಳೆಯುತ್ತದೆ. ತೋಟದ ಅಂಚಿನಲ್ಲಿ ಇಳಿಜಾರಿನ ಕಡೆಗೆ ಒಂದು ಗೇಣು ಆಳದ ಕಾಲುವೆ ತೆಗೆದು, ಮಡಿಗಳ ನಡುವಿನ ನೀರನ್ನು ಅದಕ್ಕೆ ಸೇರಿಸಿ. ಹಸಿ ಮಡಿಯ ಮೇಲೆ ಮಾತ್ರ ಕಾಲಿಡಬೇಡಿ, ಏಕೆಂದರೆ ತುಳಿದ ಕೆಂಪು ಮಣ್ಣು ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. ಮಣ್ಣು ಹದಕ್ಕೆ ಬಂದಾಗ ಮೇಲಿನ ಹೆಪ್ಪನ್ನು ಸಣ್ಣ ಗುದ್ದಲಿಯಿಂದ ಬೇರಿಗೆ ತಾಗದಂತೆ ಹಗುರವಾಗಿ ಒಡೆಯಿರಿ.

ಮಲಗಿದ ಟೊಮೆಟೊ ಗಿಡವನ್ನು ಜಗ್ಗಿ ನಿಲ್ಲಿಸಲು ಹೋದರೆ ಉಳಿದ ಬೇರೂ ಹರಿಯುತ್ತದೆ. ಅದರ ಕಾಂಡಕ್ಕೆ ಮಣ್ಣು ಸೋಕಿದ ಕಡೆಯಲ್ಲೆಲ್ಲ ಹೊಸ ಬೇರು ಬಿಡುವ ಗುಣವಿರುವುದರಿಂದ, ಬುಡದ ಬಾಗಿದ ಭಾಗಕ್ಕೆ ಅಲ್ಲಿಯೇ ಮಣ್ಣು ಏರಿಸಿ, ತುದಿಯನ್ನಷ್ಟೇ ಮೆಲ್ಲಗೆ ಎತ್ತಿ ಕೋಲಿಗೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಬದನೆ ಇನ್ನೂ ಗಟ್ಟಿ ಜೀವ: ಮುರಿದ ಕೊಂಬೆಗಳನ್ನು ತೆಗೆದು, ನೆಲದಿಂದ ಒಂದು ಗೇಣು ಬಿಟ್ಟು, ಗಿಣ್ಣಿನ ಮೇಲ್ಭಾಗದಲ್ಲಿ ಹರಿತವಾದ ಕತ್ತರಿಯಿಂದ ಕತ್ತರಿಸಿದರೆ, ಎರಡು ವಾರದೊಳಗೆ ಚಿಗುರು ಕಾಣಿಸಿಕೊಂಡು ಸುಮಾರು ಎರಡು ತಿಂಗಳಲ್ಲಿ ಮತ್ತೆ ಕಾಯಿ ಸಿಗುತ್ತದೆ. ಮೆಣಸಿನ ಗಿಡದ ಮುರಿದ ತುದಿಗಳನ್ನು ಮಾತ್ರ ಸವರಿ. ಹುರುಳಿಕಾಯಿಯ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತೇ ಸರಿ; ಕುಡಿ ಮುರಿದ ಆ ಬೆಳೆ ಚೇತರಿಸಿಕೊಳ್ಳುವುದನ್ನು ಕಾಯುವ ಬದಲು ಮಣ್ಣು ಹದವಾದೊಡನೆ ಹೊಸ ಬೀಜ ಊರುವುದು ಲೇಸು.

ಆಲಿಕಲ್ಲಿನ ಪ್ರತಿ ಗಾಯವೂ ಶಿಲೀಂಧ್ರಕ್ಕೆ ತೆರೆದ ಬಾಗಿಲು. ಒದ್ದೆಯಾದ ಗಿಡಗಳನ್ನು ಮುಟ್ಟುತ್ತಾ ಹೋದರೆ ನಮ್ಮ ಕೈಯೇ ರೋಗವನ್ನು ಹಂಚುತ್ತದೆ. ಎಲೆ ಒಣಗಿದ ಮೇಲೆಯೇ ಕತ್ತರಿ ಹಿಡಿಯಿರಿ. ಅನಂತರ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಶೇಕಡಾ 1ರ ದ್ರಾವಣ ಎಳೆ ಚಿಗುರನ್ನು ಸುಡುವ ಸಂಭವವಿರುವುದರಿಂದ ಅರ್ಧ ಶೇಕಡಾ ಸಾಕು: 50 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 50 ಗ್ರಾಂ ಸುಣ್ಣವನ್ನು ಮತ್ತೊಂದು 5 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಮಾಡಿದ ದಿನವೇ ಬಳಸಿ, ಕಬ್ಬಿಣದ ಪಾತ್ರೆಯಲ್ಲಿಡಬೇಡಿ, ಕೊಯ್ಯಲು ಸಿದ್ಧವಿರುವ ಕಾಯಿಗಳನ್ನು ಸಿಂಪಡಣೆಗೆ ಮೊದಲೇ ಕೊಯ್ದುಬಿಡಿ.

ಯೂರಿಯಾ ಬೇಡವೆಂದದ್ದಕ್ಕೆ ಕಾರಣವಿದೆ. ಬೇರು ಸುಸ್ತಾಗಿರುವಾಗ ಮಣ್ಣಿಗೆ ಹಾಕಿದ ಗೊಬ್ಬರವನ್ನು ಗಿಡ ಸರಿಯಾಗಿ ಹೀರಲಾರದು, ಹೀರಿದರೂ ಬರುವ ಮೆತ್ತನೆಯ ಚಿಗುರಿಗೆ ರೋಗ ಬೇಗ ತಗಲುತ್ತದೆ. ಹೊಸ ಚಿಗುರು ಕಣ್ಣು ಬಿಟ್ಟ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 5 ಗ್ರಾಂನಂತೆ ಕರಗಿಸಿ ಸಂಜೆಯ ತಂಪಿನಲ್ಲಿ ಎಲೆಗಳಿಗೆ ಸಿಂಪಡಿಸಿ, ಆದರೆ ಬೋರ್ಡೋ ದ್ರಾವಣದೊಂದಿಗೆ ಬೆರೆಸಬೇಡಿ. ಬುಡಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಅದರ ಮುಂದಿನ ವಾರ ಕೊಟ್ಟರೆ ಸಾಕು.

ಹೀರೆಬಳ್ಳಿಯನ್ನು ಹರಿದ ಜಾಗದ ಕೆಳಗಿನ ಆರೋಗ್ಯವಂತ ಗಿಣ್ಣಿನವರೆಗೆ ಕತ್ತರಿಸಿ, ಪಕ್ಕದ ಕವಲು ಬರುತ್ತದೆ. ಅದೇ ಗುಂಡಿಯ ಪಕ್ಕದಲ್ಲಿ ಎರಡು ಬೀಜಗಳನ್ನೂ ಊರಿಬಿಡಿ.

ಮತ್ತೊಬ್ಬರ ಪ್ರಶ್ನೆ: ಮೇಡಂ, ಅದೇ ಗಾಳಿಗೆ ನಮ್ಮ ನುಗ್ಗೆಮರ ಅರ್ಧಕ್ಕೆ ಸೀಳಿದೆ, ಪರಂಗಿ ಗಿಡದ ತಲೆ ಮುರಿದಿದೆ. ಬೀದಿಯ ಚರಂಡಿ ಉಕ್ಕಿ ಕೊತ್ತಂಬರಿ ಮತ್ತು ದಂಟಿನ ಮಡಿಗೂ ನುಗ್ಗಿತ್ತು. ಸೊಪ್ಪನ್ನು ತೊಳೆದು ಬಳಸಬಹುದೇ?

ಉತ್ತರ: ಚರಂಡಿ ನೀರು ಸೋಕಿದ ಸೊಪ್ಪನ್ನು ದಯವಿಟ್ಟು ಬಳಸಬೇಡಿ. ಎಲೆಯ ಮಡಿಕೆಗಳಲ್ಲಿ ಕೂತ ಕೊಳೆ ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿಯಲ್ಲಂತೂ ಅಪಾಯ ಹೆಚ್ಚು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ವಿಷಯದಲ್ಲಿ ಸ್ವಲ್ಪವೂ ಔದಾಸೀನ್ಯ ಬೇಡ. ನುಗ್ಗೆಯನ್ನು ಎದೆಮಟ್ಟಕ್ಕೆ ಓರೆಯಾಗಿ ಕತ್ತರಿಸಿ, ಸೀಳು ಅದಕ್ಕಿಂತ ಕೆಳಗಿದ್ದರೆ ಸೀಳು ಮುಗಿಯುವಲ್ಲಿಗೆ ಕತ್ತರಿಸಿ; ಅದು ಹಟದಿಂದ ಚಿಗುರುವ ಮರ. ಪರಂಗಿಯ ಕಾಂಡ ಟೊಳ್ಳಾದ್ದರಿಂದ ಮಳೆನೀರು ಒಳಗಿಳಿದು ಕೊಳೆಯುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿ ಪ್ಲಾಸ್ಟಿಕ್ ಹಾಳೆ ಕಟ್ಟಿ ಮುಚ್ಚಿದರೆ ಪಕ್ಕದಲ್ಲಿ ಕವಲು ಒಡೆಯಬಹುದು.

ಹದಿನಾಲ್ಕು ದಿನಗಳ ಬಳಿಕ, ಮೊದಲು ಕೇಳಿದವರಿಂದ: ಮೇಡಂ, ತಾವು ಹೇಳಿದಂತೆ ಮಾಡಿದೆವು. ಟೊಮೆಟೊದಲ್ಲಿ ನಾಲ್ಕು ಗಿಡಗಳು ಹೋದವು, ಉಳಿದವು ನಿಂತಿವೆ. ಬದನೆಯ ಬುಡದಲ್ಲಿ ಏಳೆಂಟು ಚಿಗುರುಗಳು ಒಟ್ಟಿಗೆ ಬಂದಿವೆ. ಅತ್ತೆಯವರು ದಿನವೂ ಬೆಳಿಗ್ಗೆ ಹೋಗಿ ಎಣಿಸುತ್ತಾರೆ. ಎಲ್ಲವನ್ನೂ ಬಿಡಬೇಕೇ?

ಉತ್ತರ: ಓದಿ ಬಹಳ ಸಂತೋಷವಾಯಿತು. ಬೇರೆಬೇರೆ ದಿಕ್ಕಿಗೆ ಹೊರಟಿರುವ, ದಪ್ಪನೆಯ ಮೂರು ನಾಲ್ಕು ಚಿಗುರುಗಳನ್ನು ಉಳಿಸಿಕೊಂಡು ಮಿಕ್ಕವನ್ನು ಈಗಲೇ, ಎಳೆಯದಾಗಿರುವಾಗಲೇ, ಬೆರಳಿನಿಂದ ಚಿವುಟಿ ತೆಗೆಯಿರಿ. ಹೋದ ನಾಲ್ಕು ಟೊಮೆಟೊ ಗಿಡಗಳ ಜಾಗದಲ್ಲಿ ಮತ್ತೆ ಟೊಮೆಟೊ ಬೇಡ. ಮೆಂತ್ಯ ಚೆಲ್ಲಿ, ಒಂದು ತಿಂಗಳಲ್ಲಿ ಸೊಪ್ಪು ಕೈಗೆ ಬರುತ್ತದೆ.