ಸಹಾಯ ಬೇಕು: ಊರಿನ ಬ್ರಾಂಚ್‌ಗೆ ಸ್ವಿಫ್ಟ್ ಕೋಡ್ (ವಿದೇಶದಿಂದ ದುಡ್ಡು ತರಿಸಲು ಕೇಳುವ ಬ್ಯಾಂಕಿನ ಗುರುತು) ಇಲ್ಲ, ಯಾವುದು ಹಾಕಬೇಕು?

ಜರ್ಮನಿಯಲ್ಲಿರುವ ತಂಗಿ ಅಮ್ಮನ ಖಾತೆಗೆ ದುಡ್ಡು ಕಳಿಸಬೇಕು. ಖಾತೆ ಇರುವುದು ಸಾಗರದ ಬ್ರಾಂಚ್‌ನಲ್ಲಿ. ಪಾಸ್‌ಬುಕ್‌ನಲ್ಲಿ ಐಎಫ್‌ಎಸ್‌ಸಿ ಮಾತ್ರ ಇದೆ. ಅದೇ, 11 ಅಕ್ಷರದ್ದು, ಐದನೆಯದು ಸೊನ್ನೆ. ಅದು ದೇಶದೊಳಗೆ ಕಳಿಸಲು ತಾನೇ? ಜರ್ಮನಿಯ ಬ್ಯಾಂಕ್ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳುತ್ತಿದೆ, ನಮ್ಮಲ್ಲಿ ಅದು ಇಲ್ಲವೇ ಇಲ್ಲ.

ಸ್ವಿಫ್ಟ್ ಕೋಡ್‌ನಲ್ಲಿ ಮೊದಲ 4 ಅಕ್ಷರ ಬ್ಯಾಂಕಿನದು, ಆಮೇಲೆ ದೇಶದ ‘ಐಎನ್’, ಮುಂದಿನ 2 ಸ್ಥಳದ್ದು, ಕೊನೆಯ 3 ಬ್ರಾಂಚಿನದು ಅಲ್ವಾ? ಹಾಗಾದರೆ ಮುಖ್ಯ ಕಚೇರಿಯ 8 ಅಕ್ಷರದ ಕೋಡ್ ಹಾಕಿ, ವಿವರದ ಜಾಗದಲ್ಲಿ ಐಎಫ್‌ಎಸ್‌ಸಿ ಬರೆದರೆ ಸಾಕಾ? ಇಲ್ಲಾ ಶಿವಮೊಗ್ಗದ ದೊಡ್ಡ ಬ್ರಾಂಚಿನದು ಹಾಕಬೇಕಾ? ಸುಮ್ನೆ ನೆಟ್‌ನಲ್ಲಿ ಸಿಕ್ಕಿದ್ದನ್ನು ಹಾಕಲು ಭಯ. ಇದು ಅಮ್ಮನ ಕಣ್ಣಿನ ಆಪರೇಷನ್ ದುಡ್ಡು. ಹೀಗೆ ಚಿಕ್ಕ ಊರಿನ ಬ್ರಾಂಚ್‌ಗೆ ತರಿಸಿಕೊಂಡವರು ದಯವಿಟ್ಟು ತಿಳಿಸಿ.