ರೂಪಾಲ್ ಹಾಡಲ್ಲಿರೋ ಹುಡುಗಿ ಯಾರು?

ಪ್ರಶ್ನೆ: ಅಮೆರಿಕದ ಗಾಯಕ ರೂಪಾಲ್‌ದು 1992ರ ‘ಸೂಪರ್‌ಮಾಡೆಲ್’ ಹಾಡು ಎರಡು ದಿನದಿಂದ ಕೇಳ್ತಾನೇ ಇದೀನಿ, ಡಿಟ್ರಾಯಿಟ್‌ನ ಪುಟ್ಟ ಹುಡುಗಿ ಮಾಡೆಲ್ ಆಗೋ ಕತೆ ಬರತ್ತಲ್ಲ, ಅದು ಅವರದೇ ಲೈಫಾ?

ಉತ್ತರ 1: ಅಲ್ಲ, ಅದು ಪಾತ್ರ. ರೂಪಾಲ್ ಹುಟ್ಟಿದ್ದು ಸ್ಯಾನ್ ಡಿಯಾಗೋದಲ್ಲಿ, ಆಮೇಲೆ ಅಟ್ಲಾಂಟಾ, ನ್ಯೂಯಾರ್ಕ್ ಕ್ಲಬ್‌ಗಳಲ್ಲಿ ಡ್ರ್ಯಾಗ್ (ಹೆಚ್ಚಾಗಿ ಗಂಡಸರು ಹೆಣ್ಣಿನ ವೇಷದಲ್ಲಿ ಕೊಡೋ ಶೋ) ಮಾಡ್ತಾ ಮೇಲೆ ಬಂದೋರು. ಆದ್ರೆ ವಿಗ್ ಹಾಕಿ, ಹೀಲ್ಸ್ ಏರಿ, ಕನ್ನಡಿ ಮುಂದೆ ಗಂಟೆಗಟ್ಲೆ ಕೂತು ಬೇರೆ ಒಬ್ಬಳಾಗಿ ಎದ್ದು ನಿಲ್ಲೋದೇ ಡ್ರ್ಯಾಗ್ ಅಲ್ವಾ, ಹಾಗಾಗಿ ಆ ಹುಡುಗಿ ಕತೆ ಅವರದೂ ಹೌದು ಅನ್ಸತ್ತೆ ನಂಗೆ.

ಉತ್ತರ 2: ಶುರುವಲ್ಲಿ ಅಜ್ಜಿಕತೆ ತರ ಮಾತಲ್ಲೇ ಹೇಳ್ತಾರೆ ನೋಡಿ, ಆ ಜಾಗ ತುಂಬಾ ಇಷ್ಟ. ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ ಹಾಡು 45ನೇ ಸ್ಥಾನಕ್ಕೆ ನಿಂತ್ರೂ ಡ್ಯಾನ್ಸ್ ಚಾರ್ಟಲ್ಲಿ 2ನೇ ಸ್ಥಾನಕ್ಕೆ ಹೋಗಿತ್ತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಈಗ ಮತ್ತೆ ಮೊದಲಿಂದ ಕೇಳ್ತೀನಿ.