ಅಪ್‌ಡೇಟ್: ಬಂಪರ್ ಬಣ್ಣ ಕೊನೆಗೂ ನಿಂತಿತು

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಕಾರಿನ ಬಂಪರ್‌ಗೆ ಮನೆಯಲ್ಲೇ ಸ್ಪ್ರೇ ಕ್ಯಾನ್‌ನಲ್ಲಿ ಹೊಡೆದ ಬಣ್ಣ ಸಿಪ್ಪೆಯ ಹಾಗೆ ಏಳುತ್ತಿದೆ ಅಂತ. ಈಗ ಸರಿಯಾಗಿದೆ.

ಕೆಲಸಕ್ಕೆ ಬಂದಿದ್ದು ಪ್ಲಾಸ್ಟಿಕ್ ಪ್ರೈಮರ್ (ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯಲು ಮೊದಲು ಹೊಡೆಯುವ ಪದರ) ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್! ಮೊದಲು ನಾನು ಹಾಕಿದ್ದು ಕಬ್ಬಿಣಕ್ಕೆ ಬಳಸುವ ಪ್ರೈಮರ್. ಬಂಪರ್ ಇರುವುದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ನಲ್ಲಿ, ಅದಕ್ಕೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಹಳೆಯದನ್ನೆಲ್ಲ ಉಜ್ಜಿ ತೆಗೆದು, 400 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಕಿ, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಹೊಡೆದೆ. ಆಮೇಲೆ ತೆಳ್ಳಗೆ ನಾಲ್ಕು ಕೋಟ್ ಬಣ್ಣ, ಎರಡು ಕೋಟ್ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ). ಒಂದೊಂದರ ನಡುವೆ 15 ನಿಮಿಷ ಬಿಟ್ಟೆ.

ಹೇರ್ ಡ್ರೈಯರ್‌ನಲ್ಲಿ ಬಣ್ಣ ಒಣಗಿಸುವ ಸಲಹೆ ಮಾತ್ರ ನನಗೆ ಆಗಲಿಲ್ಲ. ಮೇಲ್ಪದರ ಬೇಗ ಒಣಗಿ, ಒಳಗಿನ ಥಿನ್ನರ್ ಹೊರಬರಲಾಗದೆ ಗುಳ್ಳೆ ಎದ್ದವು.

ಗೊತ್ತೇ ಇರದಿದ್ದ ಇನ್ನೊಂದು ವಿಷಯ: ಮಂಗಳೂರಿನ ಮಳೆಯಲ್ಲಿ ಶೆಡ್ ಒಳಗೆ ಹೊಡೆದರೂ ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾಯಿತು. ಗಾಳಿಯ ತೇವ ಸೇರಿಕೊಳ್ಳುತ್ತದಂತೆ. ಚೆನ್ನಾಗಿ ಬಿಸಿಲಿದ್ದ ದಿನ ಅದನ್ನು ಉಜ್ಜಿ ಮತ್ತೆ ಹೊಡೆದೆ, ಹೊಳಪು ಬಂತು.

ಕಾರಿನ ಪೇಂಟ್ ಕೋಡ್ (ಕಂಪನಿ ಬಣ್ಣಕ್ಕೆ ಕೊಟ್ಟ ಗುರುತು) ನೋಡಿಯೇ ಕ್ಯಾನ್ ತಂದಿದ್ದೆ. ಆದರೂ ಬಿಸಿಲಿಗೆ ಮಾಸಿದ ಬಾನೆಟ್ ಪಕ್ಕದಲ್ಲಿ ಬಂಪರ್ ಸ್ವಲ್ಪ ಗಾಢವಾಗಿ ಕಾಣುತ್ತದೆ. ನನಗೆ ಅಷ್ಟು ಸಾಕು.